ಮಹಡಿ ಮೇಲಿನ ಎಡಿಟಿಂಗ್ ಕ್ಲಾಸು

‘ವಿಡಿಯೋ ಎಡಿಟಿಂಗ್ ಕಲಿಸಲಾಗುವುದು’ ಅಂತ ಬೋರ್ಡು ನೇತುಹಾಕಿದ ದಿನದಿಂದ, ನಗು ಬರದ ಭಾನುವಾರ ಅನ್ನೋದು ನನ್ನ ಪಾಲಿಗೆ ಒಂದೂ ಬಂದಿಲ್ಲ ನೋಡ್ರಿ. ಆದರೆ ನಗು ಬರೋದು ಆಮೇಲೆ. ಮೊದಲು ಬರೋದು ಸಿಟ್ಟು. ನನಗೆ ಸಿಟ್ಟು ಮೂಗಿನ ತುದೀಲೇ ಇರುತ್ತೆ, ಹುಡುಕಬೇಕಾಗಿಲ್ಲ.

ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಅಂಗಡಿ ಮೇಲಿನ ಒಂದು ರೂಮು ನಮ್ಮ ಪಾಠಶಾಲೆ. ಬಹಳ ವರ್ಷ ಮದುವೆ ವಿಡಿಯೋ ತೆಗೆದವನು ನಾನು. ಈಗ ಮದುವೆ ಮನೆಗೆ ಹೋದರೆ ಪುರೋಹಿತರ ಕೈಲೂ ಫೋನು, ಅಡುಗೆಯವರ ಕೈಲೂ ಫೋನು. ಎಲ್ಲರೂ ತೆಗೆಯೋರೇ ಆದಮೇಲೆ, ತೆಗೆದಿದ್ದನ್ನ ನೆಟ್ಟಗೆ ಜೋಡಿಸೋದನ್ನಾದರೂ ಕಲಿಸೋಣ ಅಂತ ಶುರುಮಾಡಿದೆ.

“ಇಂಟರ್‌ನೆಟ್‌ನಾಗೆ ಪುಕ್ಕಟೆ ಪಾಠ ಸಿಗ್ತಾವಲ್ಲ, ಇಲ್ಲಿಗ್ಯಾಕೆ ಬಂದ್ರಿ?” ಅಂತ ಮೊದಲ ದಿನವೇ ಕೇಳಿದೆ.

“ಅಲ್ಲಿ ಡೌಟ್ ಕೇಳಿದ್ರೆ ಅವನು ಲೈಕ್ ಮಾಡ್ರಿ ಅಂತಾನೆ ಸಾರ್” ಅಂದರು ಕಲಿಯೋಕೆ ಬಂದೋರು.

ಖಾಯಂ ಬರೋರು ಮೂರೇ ಜನ. ಮೊಳಕಾಲ್ಮೂರಿಂದ ಬಸ್ಸಲ್ಲಿ ಬರೋ ರೇಷ್ಮೆ ಸೀರೆ ನೇಯೋ ಅಕ್ಕ, ಕುದಾಪುರದ ಕಡೆಯಿಂದ ಬರೋ ಕುರಿ ಕಾಯೋ ಕುರಿಯಣ್ಣ, ಕೊಂಡ್ಲಹಳ್ಳಿಯ ರಿಟೈರ್ಡ್ ಮೇಷ್ಟ್ರು. ಕುರಿಯಣ್ಣ, ಮೇಷ್ಟ್ರು ಇಬ್ಬರದೂ ಶೋಕಿ. ಅಕ್ಕನದು ಮಾತ್ರ ಹೊಟ್ಟೆಪಾಡಿನ ವಿಷಯ.

ಮಂಗಳಾರತಿ ಆದಮೇಲೆ

ಅಕ್ಕ ಬಂದ ದಿನವೇ ವಿಷಯ ಬಿಚ್ಚಿಟ್ಟರು. ಮೊಳಕಾಲ್ಮೂರಿನ ಸಮುದಾಯ ಭವನಕ್ಕೆ ದೊಡ್ಡ ಸೀರೆ ಅಂಗಡಿಯ ಯಜಮಾನರೊಬ್ಬರು ಬರ್ತಾರಂತೆ. ನೇಕಾರರೆಲ್ಲ ಅವರವರ ಮಗ್ಗದ ವಿಡಿಯೋ ಪರದೆ ಮೇಲೆ ತೋರಿಸಬೇಕಂತೆ. ಯಾರ ವಿಡಿಯೋ ನೋಡಿ ಅವರಿಗೆ ನಂಬಿಕೆ ಬರುತ್ತೋ ಆ ನೇಕಾರರಿಗೆ ವರ್ಷ ಪೂರ್ತಿ ಆರ್ಡರು.

“ನೋಡಿದೋರೆಲ್ಲ ಪವರ್‌ಲೂಮ್‌ದಾ ಅಂತಾನೇ ಕೇಳ್ತಾರೆ ಸಾರ್. ಹೊಟ್ಟೆ ಉರೀತೈತೆ. ಇದು ಕೈಮಗ್ಗದ್ದು ಅಂತ ಅವ್ರಿಗೆ ನಂಬಿಕೆ ಬರ್ಬೇಕು. ಈ ಸಲ ಆರ್ಡರ್ ಬರ್ಲಿಲ್ಲ ಅಂದ್ರೆ ಮಗ್ಗ ಬಿಚ್ಚಿ ಅಟ್ಟಕ್ಕೆ ಹಾಕ್ತೀವಿ ಅಂತ ನಮ್ಮ ಮನೆ ಯಜಮಾನ್ರು ಹೇಳಿಬಿಟ್ಟವ್ರೆ” ಅಂದರು. ಹೇಳುವಾಗ ಕಣ್ಣು ತುಂಬಿತ್ತು. ನನಗೂ ಪಿಚ್ಚೆನಿಸಿತು.

ಸರಿ, ಮೊದಲ ಪಾಠ. ಮೈದುನನ ಹಳೇ ಲ್ಯಾಪ್‌ಟಾಪ್ ತಂದಿದ್ದರು. ಮಗ್ಗದ ವಿಡಿಯೋ ಸಾಫ್ಟ್‌ವೇರಿಗೆ ಹಾಕಿಸಿ, “ಇಲ್ಲಿ ಕತ್ತರಿ ಚಿತ್ರ ಐತಲ್ಲಮ್ಮ, ಅದನ್ನ ಒತ್ತಿ ಇಲ್ಲಿ ಕತ್ತರಿಸ್ರಿ” ಅಂದೆ.

ಅಕ್ಕ ಕೈಯನ್ನೇ ಹಿಂದಕ್ಕೆ ತಗೊಂಡುಬಿಟ್ಟರು. “ಅಯ್ಯೋ, ಆಗಾಕಿಲ್ಲ ಸಾರ್. ಸೀರೆ ಮಗ್ಗದ ಮೇಲೈತೆ.”

“ಸೀರೆ ಅಲ್ಲಮ್ಮ, ಇದು ವಿಡಿಯೋ!”

“ವಿಡಿಯೋದಾಗೆ ಇರೋದು ಸೀರೇನೇ ಅಲ್ವಾ? ನೇಯೋವಾಗ ಕತ್ತರಿ ಆಡಿಸೋದು ನಮ್ಮ ಮನೇಲಿ ಪದ್ಧತಿ ಇಲ್ಲ. ಎಳೆ ಕಡಿದ್ರೆ ಗಂಟು ಹಾಕ್ತೀವಿ. ನೇಯ್ದು ಮುಗಿದಮೇಲೆ ಪೂಜೆ ಮಾಡಿ ಮಗ್ಗದಿಂದ ಸೀರೆ ಇಳಿಸೋವಾಗಷ್ಟೇ ಕತ್ತರಿ.”

ನಾನು ಬೈದೆ, ಬೇಡಿಕೊಂಡೆ, ಟೇಬಲ್ ಕುಟ್ಟಿದೆ. ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮುಂದಿನ ಭಾನುವಾರ ಬರುವಾಗ ಚೀಲದಲ್ಲಿ ಕುಂಕುಮ, ಊದುಬತ್ತಿ, ಬಾಳೆಹಣ್ಣು ಎಲ್ಲ ತಂದಿದ್ದರು. ಪರದೆ ಮೇಲೆ ಕತ್ತರಿ ಚಿತ್ರ ಎಲ್ಲಿದೆಯೋ ಅಲ್ಲಿಗೇ ಸರಿಯಾಗಿ ಕುಂಕುಮದ ಬೊಟ್ಟು ಇಟ್ಟರು. ಕರ್ಪೂರ ಹಚ್ಚಿದರು. ಮೇಷ್ಟ್ರು, ಕುರಿಯಣ್ಣ ಇಬ್ಬರೂ ಎದ್ದು ನಿಂತು ಕೈಮುಗಿದರು. ಅವರಿಬ್ಬರ ಮುಖ ನೋಡಿ ನಾನೂ ಕೈಮುಗಿದೆ.

ಆಮೇಲೆ ಅಕ್ಕ ಕತ್ತರಿ ಒತ್ತಿದರು. ಒಂದೇ ಒಂದು ಸಲ. ಒತ್ತಿ, ಲ್ಯಾಪ್‌ಟಾಪ್ ಮುಚ್ಚಿ, ಎಲ್ಲರಿಗೂ ಬಾಳೆಹಣ್ಣು ಕೊಟ್ಟು, “ಸೀರೆ ಇಳೀತು ಸಾರ್, ಇವತ್ತು ಇನ್ನು ಕೆಲಸ ಮಾಡಬಾರ್ದು” ಅಂತ ಬಸ್ಸಿಗೆ ಹೊರಟೇಬಿಟ್ಟರು.

ಹಟ್ಟಿ ಸೇರದ ಕುರಿಗಳು

ಕುರಿಯಣ್ಣನಿಗೆ ಕತ್ತರಿಯ ಭಯ ಇರಲಿಲ್ಲ. ಅವನ ತೊಂದರೆ ಬೇರೆ.

ಹುಲ್ಲುಗಾವಲಿಗೆ ಬೇಲಿ ಬಿದ್ದಮೇಲೆ ಕುರಿ ಹೊಡ್ಕೊಂಡು ಊರೆಲ್ಲ ಸುತ್ತಿ ಹೋಗೋ ಮನುಷ್ಯ. ದಾರೀಲಿ ಹೊತ್ತು ಹೋಗಲಿ ಅಂತ ವಿಡಿಯೋ ತೆಗೀತಾನೆ. ಒಂದು ಸಲ ಮಂದೆ ರಸ್ತೆ ದಾಟೋ ವಿಡಿಯೋ ತಂದ. ಚೆಂದ ಇತ್ತು. ಆದರೆ ಮುಗಿಯೋದೇ ಇಲ್ಲ. ಕುರಿ ಬರ್ತಾವೆ, ಬರ್ತಾವೆ, ಬರ್ತಾನೇ ಇರ್ತಾವೆ.

“ಲೇ, ನೋಡೋರು ನಿದ್ದೆ ಮಾಡ್ತಾರೆ. ನಡುವಿನ ತುಂಡು ಕಿತ್ತುಹಾಕು” ಅಂದೆ.

ಅವನು ಆ ತುಂಡನ್ನ ಹಿಂದೆ ಮುಂದೆ ಓಡಿಸಿ, ಮೂಗು ಪರದೆಗೆ ತಾಗೋ ಹಂಗೆ ಬಗ್ಗಿ ನೋಡಿದ. “ಆಗಲ್ಲ ಸಾರ್. ಈ ತುಂಡಿನಾಗೆ ನಾಕು ಕುರಿ, ಒಂದು ಹೋತ ಐತೆ.”

“ಇದ್ರೆ ಏನಾಯ್ತು?”

“ನಮ್ಮವ್ವ ಎಣಿಸ್ತಾಳೆ ಸಾರ್.”

ನಾನು ನಂಬಲಿಲ್ಲ. ಅವನ ಕೈ ಸರಿಸಿ ನಾನೇ ಅಳಿಸಿದೆ. ಅವನು ಒಲ್ಲದ ಮನಸ್ಸಿಂದ ಸ್ಟೇಟಸ್ಸಿಗೆ ಹಾಕಿದ. ಚಹಾ ಬಂದು ಕುಡಿದು ಮುಗಿಸೋದರೊಳಗೆ ಫೋನ್ ಬಂತು. ಸ್ಪೀಕರ್ ಹಾಕೋ ಅಗತ್ಯವೇ ಇರಲಿಲ್ಲ, ಅವರವ್ವನ ದನಿ ಕೆಳಗಿನ ಎಣ್ಣೆ ಅಂಗಡಿಗೂ ಕೇಳಿಸ್ತಿತ್ತು. “ಲೇ, ಕಪ್ಪು ಹೋತ ಎಲ್ಲಿ ಬಿಟ್ಟೆಲೇ? ಮಾರಿಕೊಂಡ್ಯಾ? ನನ್ನ ತವರುಮನೆ ಹೋತ ಅದು!”

ಮರುದಿನ ಅವರ ಹಟ್ಟಿಗೆ ನೆಂಟರೂ ಬಂದರಂತೆ, ಕುರಿ ಕಳೆದುಹೋಯ್ತಂತಲ್ಲ ಅಂತ ಮಾತಾಡಿಸೋಕೆ. ಅವನು ವಿಡಿಯೋ ಮೇಲೆ ಅಕ್ಷರ ಹಾಕೋದನ್ನ ಬೇಗ ಕಲಿಸ್ರಿ ಸಾರ್ ಅಂತ ದುಂಬಾಲು ಬಿದ್ದ. ಕಲಿಸಿದೆ. ಆವತ್ತಿಂದ ಇವತ್ತಿನವರೆಗೂ ಅವನ ಎಲ್ಲಾ ವಿಡಿಯೋ ಕೊನೆಯಲ್ಲಿ ಒಂದು ಸಾಲು ಕಡ್ಡಾಯ: ‘ಇದರಲ್ಲಿ ಕಾಣದ ಕುರಿಗಳು ಹಟ್ಟಿಯಲ್ಲಿ ಸುಖವಾಗಿವೆ.’

ಮೇಷ್ಟ್ರ ನ್ಯಾಯ

ಮೇಷ್ಟ್ರಿಗೆ ಬ್ರಹ್ಮಗಿರಿಯ ಅಶೋಕನ ಶಾಸನದ ಬಗ್ಗೆ ಮಕ್ಕಳಿಗೆ ವಿಡಿಯೋ ಪಾಠ ಮಾಡೋ ಆಸೆ. ಪಾಠ ಚೆನ್ನಾಗೇ ಮಾಡ್ತಾರೆ. ಆದರೆ ಮಾಡಿದ ತಪ್ಪನ್ನ ವಾಪಸ್ ತಗೊಳ್ಳೋ ಅಂಡೂ ಕೀ ತೋರಿಸಿದಾಗ ಕೆಂಡಾಮಂಡಲ ಆದರು.

“ತಪ್ಪು ಮಾಡಿ ಮಾಡೇ ಇಲ್ಲ ಅನ್ನೋದು ಯಾವ ನ್ಯಾಯಾನಯ್ಯ? ಮಕ್ಕಳಿಗೆ ಇದನ್ನ ಕಲಿಸಿದ್ರೆ ದೇಶ ಉದ್ಧಾರ ಆಗುತ್ತಾ? ಬಂಡೆ ಮೇಲೆ ಶಾಸನ ಕೆತ್ತಿದಾಗ ಇತ್ತಾ ನಿನ್ನ ಅಂಡೂ?”

“ಇರ್ಲಿಲ್ಲ ಸಾರ್.”

“ಮತ್ತೆ?”

ಅಶೋಕ ಚಕ್ರವರ್ತಿಯ ಜೊತೆ ನಾನೆಲ್ಲಿ ವಾದ ಮಾಡಲಿ? ಮೇಷ್ಟ್ರು ಒಂದು ಸಣ್ಣ ತಪ್ಪಾದರೂ ಇಡೀ ವಿಡಿಯೋ ಮೊದಲಿಂದ ಮಾಡೋರು. ಹೀಗೇ ಎಷ್ಟೋ ವಾರ ಕಳೆದು, ಅಂತೂ ಇಂತೂ ಪಾಠ ಪೂರ್ತಿ ಜೋಡಿಸಿ ಮುಗಿಸಿದರು. ಖುಷಿಗೆ ಕೈ ಎತ್ತಿ ಮೈ ಮುರಿದರು. ಕೈ ಇಳಿಸುವಾಗ ಮೊಣಕೈ ಯಾವ ಕೀ ಮೇಲೆ ಬಿತ್ತೋ, ಪರದೆ ಖಾಲಿ! ಅಶೋಕನೂ ಇಲ್ಲ, ಬಂಡೆಯೂ ಇಲ್ಲ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿದರು. ಆಚೆ ಈಚೆ ನೋಡಿ, ಕುರ್ಚಿ ನನ್ನ ಹತ್ತಿರ ಎಳೆದುಕೊಂಡು, “ಅಯ್ಯಾ, ಆವತ್ತು ಏನೋ ಒಂದು ಕೀ ತೋರಿಸಿದ್ಯಲ್ಲ, ಅದು ಎಲ್ಲೈತೆ?” ಅಂತ ಪಿಸುಗುಟ್ಟಿದರು.

ಒತ್ತಿದೆ. ಅಶೋಕ ಬಂಡೆ ಸಮೇತ ವಾಪಸ್ ಬಂದ. ಮೇಷ್ಟ್ರು ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ಈಗ ಅವರಿಗೆ ಅದರ ಹುಚ್ಚೇ ಹಿಡಿದಿದೆ. ಮನೇಲಿ ಉಪ್ಪಿಟ್ಟು ಸಪ್ಪೆ ಅಂತ ಬಾಯಿ ತಪ್ಪಿ ಅಂದರೆ ತಕ್ಷಣ “ಅಂಡೂ, ಅಂಡೂ” ಅಂತಾರಂತೆ. ಅಲ್ಲಿ ಮಾತ್ರ ಅದು ಕೆಲಸ ಮಾಡ್ತಿಲ್ಲ ಸಾರ್ ಅಂತ ಅವರ ಮನೆಯವರೇ ನನಗೆ ಫೋನ್ ಮಾಡಿ ಹೇಳಿದರು.

ಗುಲಾಬಿ ಹೂವಿನ ಯಜಮಾನ

ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗೋಕೆ ಸಾಫ್ಟ್‌ವೇರಲ್ಲಿ ನೂರೆಂಟು ಚಮತ್ಕಾರ ಇರ್ತಾವೆ. ಹೊಸಬರಿಗೆ ತೋರಿಸಲೇಬಾರದು. ತೋರಿಸಿದೆ, ಅನುಭವಿಸಿದೆ.

ಅಕ್ಕನ ವಿಡಿಯೋದಲ್ಲಿ ಮಗ್ಗ ಗಿರಗಿರ ತಿರುಗಿ ನಕ್ಷತ್ರವಾಗಿ, ನಕ್ಷತ್ರ ಚೂರುಚೂರಾಗಿ ಲಾಳಿಯಾಗಿ, ಲಾಳಿ ಗುಲಾಬಿಯೊಳಗೆ ಹೋಗಿ ಸೀರೆಯಾಗಿ ಹೊರಗೆ ಬರ್ತಿತ್ತು. ನನ್ನ ತಲೆ ಕೆಟ್ಟುಹೋಯ್ತು.

“ಏನಮ್ಮಾ ಇದು? ಸೀರೆ ನೇಯ್ತೀರೋ, ಮಾಟ ಮಾಡ್ತೀರೋ? ಆ ಅಂಗಡಿ ಯಜಮಾನ್ರಿಗೆ ನಂಬಿಕೆ ಬರೋದು ಹೆಂಗೆ? ಗುಲಾಬಿಯಿಂದ ಯಾರಾದ್ರೂ ಹೊರಗೆ ಬರ್ತಾರಾ?”

ಅಕ್ಕ ತಣ್ಣಗೆ ಹೇಳಿದರು: “ನಮ್ಮ ಮದುವೆ ವಿಡಿಯೋ ಮಾಡಿದ್ದು ನೀವೇ ಸಾರ್. ನಮ್ಮ ಯಜಮಾನ್ರು ಬಂದಿದ್ದು ಗುಲಾಬಿಯಿಂದಾನೇ.”

ಮೇಷ್ಟ್ರು, ಕುರಿಯಣ್ಣ ಹೊಟ್ಟೆ ಹಿಡ್ಕೊಂಡು ನಕ್ಕರು. ಆ ಕಾಲಕ್ಕೆ ಅದೇ ಫ್ಯಾಷನ್ ಇತ್ತು ಅಂತ ನಾನು ಎಷ್ಟು ಕೂಗಿದರೂ ಯಾರು ಕೇಳ್ತಾರೆ? ಗುಲಾಬಿಯನ್ನೇನೋ ಅಕ್ಕ ತೆಗೆದರು. ತೆಗೆಯೋವಾಗ, “ಆವತ್ತು ನಮ್ಮ ಯಜಮಾನ್ರು ವಾಪಸ್ ಗುಲಾಬಿ ಒಳಗೆ ಹೋಗೋದೂ ಹಾಕಿದ್ರೆ ಚೆನ್ನಾಗಿತ್ತು ಸಾರ್, ಒಂದೊಂದ್ಸಲ ಬೇಕಾಗುತ್ತೆ” ಅಂದರು.

ದೊಡ್ಡ ಪರದೆ

ಸಭೆ ಹತ್ತಿರ ಬಂತು. ವಿಡಿಯೋ ಒಂದು ಹದಕ್ಕೆ ಬಂದಿತ್ತು, ಆದರೆ ಅದರ ತುಂಬ ಅಕ್ಕನ ಅತ್ತೆಯ ದನಿ. ಅತ್ತೆ ರಾಯದುರ್ಗದ ಕಡೆಯವರು. ಸಿಟ್ಟು ಬಂದರೆ ತೆಲುಗು, ಸಿಟ್ಟು ಜಾಸ್ತಿ ಆದರೆ ಕನ್ನಡ. ಸೊಸೆ ನೇಯ್ದಷ್ಟು ಹೊತ್ತೂ ಹಿಂದೆ ಕೂತು ಬೈದಿದ್ದೇ ಬೈದಿದ್ದು.

“ಇದು ಜನರ ಮುಂದೆ ಹೋದ್ರೆ ಮರ್ಯಾದೆ ಹೋಗುತ್ತಮ್ಮ. ದನಿ ಪೂರ್ತಿ ತೆಗೀರಿ” ಅಂದೆ.

ಮುಂದಿನ ವಾರ ಅಕ್ಕ ವಿಡಿಯೋ ತೋರಿಸಿದರು. ನಿಶ್ಶಬ್ದ. ಲಾಳಿ ಆ ಕಡೆ ಈ ಕಡೆ ಓಡುತ್ತೆ, ಸದ್ದಿಲ್ಲ. “ಭೇಷ್! ಇದೇ ಇರ್ಲಿ” ಅಂದೆ. ಅಕ್ಕನ ಮುಖ ಅರಳಿತು.

ಸಭೆಗೆ ನಾನು, ಮೇಷ್ಟ್ರು, ಕುರಿಯಣ್ಣ ಮೂವರೂ ಮೊಳಕಾಲ್ಮೂರಿಗೆ ಹೋದೆವು. ಮುಂದಿನ ಸಾಲಲ್ಲಿ ಅತ್ತೆ, ಜರಿಯಂಚಿನ ಸೀರೆ ಉಟ್ಟು, ಎಲೆಅಡಿಕೆ ಹಾಕ್ಕೊಂಡು ಕೂತಿದ್ದರು. ಅಕ್ಕನ ಯಜಮಾನರು ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದರು. ಬೇರೆಯವರ ವಿಡಿಯೋಗಳು ಒಂದಾದಮೇಲೆ ಒಂದು ಬಂದವು. ಡ್ರೋನ್ ಏನು, ವೀಣೆ ಸಂಗೀತ ಏನು! ಸೀರೆ ಅಂಗಡಿ ಯಜಮಾನರು ಮಾತ್ರ ಆಕಳಿಸ್ತಾ, “ಚೆನ್ನಾಗೈತೆ. ಆದ್ರೆ ನೇಯ್ದಿದ್ದು ಕೈಯೋ ಮಿಷಿನ್ನೋ, ಹೆಂಗ್ರಿ ನಂಬೋದು?” ಅಂತ ಎಲ್ಲರಿಗೂ ಅದೇ ಮಾತು.

ಅಕ್ಕನ ಸರದಿ ಬಂತು. ಲ್ಯಾಪ್‌ಟಾಪ್‌ನಿಂದ ಪೆನ್‌ಡ್ರೈವ್‌ಗೆ ಹಾಕಿ ತಂದಿದ್ದ ವಿಡಿಯೋ ಶುರುವಾಯ್ತು. ಭವನದ ದೊಡ್ಡ ದೊಡ್ಡ ಸ್ಪೀಕರಿಂದ ಒಂದು ದನಿ ಸಿಡಿಯಿತು:

“ಏಮೇ! ಪೋಗು ತೆಗಿಂದಿ ಚೂಡು! ಎಡಗಡೆ ಎಳೆ ಕಡಿದೈತೆ, ಕಣ್ಣು ಎಲ್ಲಿಟ್ಟೀಯ?”

ಅಕ್ಕನ ಕಡೆ ನೋಡಿದೆ. “ದನಿ ತೆಗೆದಿದ್ನಲ್ಲ ಸಾರ್!” ಅಂದರು. ಎಲ್ಲಿ ತೆಗೆದ್ರಿ ಅಂದರೆ, “ಲ್ಯಾಪ್‌ಟಾಪ್‌ನಾಗೆ, ಸ್ಪೀಕರ್ ಬಟನ್ ಒತ್ತಿ” ಅಂದರು. ವಿಡಿಯೋದ ದನಿ ವಿಡಿಯೋದಲ್ಲೇ ಇತ್ತು ಸ್ವಾಮಿ! ಮೂಕ ಆಗಿದ್ದು ಲ್ಯಾಪ್‌ಟಾಪ್ ಒಂದೇ. ಅದನ್ನ ನೋಡಿ ಭೇಷ್ ಅಂದವನು ಗುರುವಾದ ನಾನು.

ಪರದೆ ಮೇಲೆ ಮಗ್ಗ ನಿಂತಿತು. ಅಕ್ಕನ ಬೆರಳು ಕಡಿದ ಎಳೆ ಹುಡುಕಿ ಗಂಟು ಹಾಕಿತು. ಸ್ಪೀಕರು ಬಿಡಲಿಲ್ಲ: “ಗಂಟು ಸಣ್ಣಗೆ ಹಾಕೇ! ಅದೇನು ಎಮ್ಮೆ ಕಟ್ಟೋ ಹಗ್ಗಾನಾ?” ಭವನ ಗೊಳ್ಳೆಂದಿತು. “ಅಂಚಿನ ನವಿಲಿನ ಕೊಕ್ಕು ನೋಡು, ಕಾಗೆ ಕೊಕ್ಕು ಆಗೈತೆ! ಬಿಚ್ಚು, ಬಿಚ್ಚು!” ಪರದೆ ಮೇಲೆ ಅಕ್ಕ ನೇಯ್ದಿದ್ದನ್ನ ಎಳೆ ಎಳೆಯಾಗಿ ಬಿಚ್ಚಿದರು. ಜನ ನಕ್ಕು ನಕ್ಕು ಕುರ್ಚಿ ಕುಟ್ಟುತ್ತಿದ್ದರು. ಅಕ್ಕ ಸೆರಗಲ್ಲಿ ಮುಖ ಮುಚ್ಚಿಕೊಂಡು ಅಳ್ತಾ ಇದ್ದರು. ವಿಡಿಯೋ ನಿಲ್ಲಿಸೋಕೆ ನಾನು ಓಡಿದೆ.

“ಯಾವನಯ್ಯ ಅವನು, ನಿಲ್ಲಿಸಬ್ಯಾಡ!” ಕೂಗಿದ್ದು ಸೀರೆ ಅಂಗಡಿ ಯಜಮಾನರು. ಎದ್ದು ನಿಂತುಬಿಟ್ಟಿದ್ದರು. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಪೂರ್ತಿ ನೋಡಿ, ಕಣ್ಣೊರೆಸಿಕೊಂಡು ಹೇಳಿದರು: “ಪವರ್‌ಲೂಮ್‌ಗೆ ಯಾರಾದ್ರೂ ಹಿಂಗೆ ಬೈತಾರೇನ್ರಿ? ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು? ಆರ್ಡರ್ ಈ ತಾಯಿಗೇ!”

ಅಕ್ಕನ ಯಜಮಾನರು ಬಾಗಿಲಿಂದ ಓಡಿಬಂದರು. ಅಕ್ಕ ಅಳ್ತಾ ನಗ್ತಾ ನಿಂತಿದ್ದರು. ಮೇಷ್ಟ್ರು ಕುರಿಯಣ್ಣನನ್ನ ತಬ್ಬಿಕೊಂಡರು.

“ಒಂದೇ ಷರತ್ತು. ಈ ವಿಡಿಯೋ ನನ್ನ ಅಂಗಡಿ ಟೀವೀಲಿ ದಿನಾ ಓಡಬೇಕು, ಅತ್ತೆಮ್ಮನ ದನಿ ಸಮೇತ” ಅಂದರು ಅಂಗಡಿ ಯಜಮಾನರು.

ಅಲ್ಲಿವರೆಗೂ ಎಲೆಅಡಿಕೆ ಜಗೀತಾ ಕೂತಿದ್ದ ಅತ್ತೆ ಎದ್ದರು. ಸೆರಗು ಸರಿಮಾಡಿಕೊಂಡು, ಎಲೆಅಡಿಕೆ ಒಂದು ದವಡೆಗೆ ಸರಿಸಿ, ನನ್ನ ಕಡೆ ಕೈ ತೋರಿಸಿದರು:

“ಲೇ ತಮ್ಮಾ, ಅದನ್ನ ಅಳಿಸಿಹಾಕು. ಆವತ್ತು ನಂಗೆ ಜ್ವರ ಇತ್ತು, ಗಂಟಲು ಕಟ್ಟಿತ್ತು. ನಾಳೆ ಕ್ಯಾಮೆರಾ ತಗೊಂಡು ಬಾ, ಚೆನ್ನಾಗಿ ಬೈದು ಕೊಡ್ತೀನಿ.”