ಕರಿಬೇವಿನ ಗಿಡದಲ್ಲಿ ಒಂದು ಚಿಟ್ಟೆ

ಹುಲಿಯ ಫೋಟೋ ತೆಗೆಯುವವರಿಗೆ ಈ ಲೋಕದಲ್ಲಿರುವ ಮರ್ಯಾದೆ ಹುಳದ ಫೋಟೋ ತೆಗೆಯುವವರಿಗೆ ಇಲ್ಲ. ಅವರು ಜೀಪಿನಲ್ಲಿ ಕೂತು ಹೋಗುತ್ತಾರೆ, ನಾವು ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಬೇಕು. ಹುಲಿಯಾದರೂ ಒಂದು ಘಳಿಗೆ ನಿಂತು ತಿರುಗಿ ನೋಡುತ್ತದಂತೆ. ಇರುವೆಗೆ ಅಷ್ಟೂ ಪುರುಸೊತ್ತಿಲ್ಲ. ಇನ್ನು ಸಣ್ಣದನ್ನು ದೊಡ್ಡದಾಗಿ ತೋರಿಸುವ ಮ್ಯಾಕ್ರೋ ಲೆನ್ಸಿನ ಕಾಟ ಯಾರಿಗೆ ಹೇಳಲಿ! ಉಸಿರು ಬಿಟ್ಟರೆ ಫೋಕಸ್ ಹೋಗುತ್ತದೆ, ಬಿಡದಿದ್ದರೆ ಪ್ರಾಣವೇ ಹೋಗುತ್ತದೆ. ಹೀಗೆ ಎರಡರ ನಡುವೆ ಒದ್ದಾಡುತ್ತಾ ನಾನು ತೆಗೆದ ಫೋಟೋಗಳೆಲ್ಲ ಮಂಜು ಕವಿದ ಹಾಗೆ ಇವೆ. ಯಾವುದು ಜೇಡ, ಯಾವುದು ನನ್ನ ಹೆಬ್ಬೆರಳು ಎಂದು ನನಗೇ ಗೊತ್ತಾಗುವುದಿಲ್ಲ.

ನನಗಿದ್ದದ್ದು ಒಂದೇ ಆಸೆ. ಚಿಟ್ಟೆ ತನ್ನ ಗೂಡು ಒಡೆದು ಹೊರಗೆ ಬರುತ್ತದಲ್ಲ, ಮುದುರಿದ ರೆಕ್ಕೆ ಮೆಲ್ಲಗೆ ಬಿಡಿಸಿಕೊಳ್ಳುತ್ತದಲ್ಲ, ಅದನ್ನು ಒಮ್ಮೆ, ಒಂದೇ ಒಂದು ಸಲ, ಸರಿಯಾಗಿ ಹಿಡಿಯಬೇಕು. ಸದಾಶಿವನಗರದ ನಮ್ಮ ಮನೆಯ ನಿಂಬೆ ಕುಂಡದಲ್ಲಿ ಒಂದು ಗೂಡು ಸಿಕ್ಕಿತ್ತು. ಬೆಳಗಿನಿಂದ ಕಾದು ಕಾದು, ಚಹಾ ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಅದು ಹಾರಿಹೋಗಿತ್ತು. ಕುಣಿಗಲ್ಲಿನಲ್ಲಿ ಆದದ್ದು ಇನ್ನೂ ಘೋರ. ಅದು ನನ್ನ ಮಾವನ ಊರು. ಅಲ್ಲಿ ಕೆರೆಯ ಪಕ್ಕ ಒಂದು ಗಿಡದ ಕೆಳಗೆ ಉಸಿರು ಬಿಗಿಹಿಡಿದು ಮಲಗಿದ್ದೆ. ಯಾರೋ ಪುಣ್ಯಾತ್ಮರು ನೋಡಿ, ಅಳಿಯಂದಿರು ಮೂರ್ಛೆ ಬಿದ್ದಿದ್ದಾರೆ ಎಂದು ಕೂಗಿ, ಒಂದು ಬಿಂದಿಗೆ ನೀರು ನನ್ನ ಮೇಲೂ ಕ್ಯಾಮೆರಾ ಮೇಲೂ ಸುರಿದರು. ಸಂಜೆಯವರೆಗೂ ನೆಂಟರ ಫೋನು, ಶುಗರ್ ಎಷ್ಟಿದೆ ಅಂತ. ನನ್ನ ಹೆಂಡತಿ ಶಬಾನಾ ತಲೆ ಎತ್ತಲಾರದೆ ಕೂತಿದ್ದಳು. ಈ ಮಳೆಗಾಲವೂ ಹೀಗೇ ಕಳೆದರೆ ಈ ಹುಚ್ಚು ಬಿಟ್ಟೇ ಬಿಡುತ್ತೇನೆ ಎಂದು ಅವತ್ತು ಅವಳಿಗೆ ಮಾತು ಕೊಟ್ಟೆ.

ಮಳೆಗಾಲ ಮುಗಿಯುತ್ತಾ ಬಂತು. ಆಗ ನಮ್ಮ ಆಫೀಸಿನ ರಂಗಸ್ವಾಮಿ, "ಏನ್ಲಾ ಇರ್ಫಾನ್, ನಮ್ಮವ್ವ ಫೋನ್ ಮಾಡಿತ್ತು. ಹಿತ್ತಲ ಕರಿಬೇವಲ್ಲಿ ನೀನು ಹುಡುಕ್ತೀಯಲ್ಲ, ಅಂಥದ್ದೇ ಏನೋ ನೇತಾಡ್ತಾ ಐತಂತೆ ಕಣೋ" ಎಂದ. ಶನಿವಾರವೇ ಗುಬ್ಬಿ ಹತ್ತಿರದ ಅವನ ಊರು ಕಡಬಕ್ಕೆ ಓಡಿದೆ. ಸುಳ್ಳಲ್ಲ, ಗೂಡು ಕಪ್ಪಗಾಗಿತ್ತು, ಸಿಪ್ಪೆಯೊಳಗಿಂದ ರೆಕ್ಕೆಯ ಬಿಳಿ ಚುಕ್ಕಿ ಕೂಡ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಚಿಟ್ಟೆ ಬರುವುದು ಗ್ಯಾರಂಟಿ. ಅಲ್ಲೇ ಉಳಿಯೋಣವೆಂದರೆ ಅವತ್ತೇ ಸಂಜೆ ಕುಣಿಗಲ್ಲಿನಲ್ಲಿ ನಾದಿನಿಯ ಮಗಳ ನಿಶ್ಚಿತಾರ್ಥ. ತಪ್ಪಿಸಿದರೆ ನಾನೇ ಗೂಡು ಬಿಟ್ಟು ಹೊರಡಬೇಕಾಗುತ್ತಿತ್ತು.

ರಂಗಸ್ವಾಮಿಯ ತಾಯಿ ಪುಟ್ಟಮ್ಮನ ಕೈ ಹಿಡಿದುಕೊಂಡು ಹೇಳಿದೆ: "ಅವ್ವಾ, ನಾಳೆ ಬೆಳಿಗ್ಗೆ ಬಂದು ಇದರದ್ದೇ ಫೋಟೋ ತೆಗೀತೀನಿ. ಅಲ್ಲೀವರೆಗೂ ಕೋಳಿ, ಹಕ್ಕಿ, ಹುಳ ಯಾವುದನ್ನೂ ಹತ್ತಿರ ಬಿಡಬೇಡಿ."

"ನೀನ್ ನೆಮ್ಮದಿಯಾಗಿ ಹೋಗ್ಬಾ ಇರ್ಪಾನಪ್ಪ. ನಾನಿದೀನಲ್ಲ" ಎಂದರು.

ಭಾನುವಾರ ಕುಣಿಗಲ್ಲಿನಿಂದ ಮೊದಲ ಬಸ್ಸಿಗೇ ಹೊರಟು ಗುಬ್ಬಿ ಮುಟ್ಟಿದೆ. ಅಲ್ಲಿಂದ ಕಡಬಕ್ಕೆ ಹೋಗುವ ಬಸ್ಸು ನಿಂತಲ್ಲೇ ನಿಂತಿತ್ತು, ಡ್ರೈವರ್ ಇಡ್ಲಿ ತಿನ್ನುತ್ತಿದ್ದರು. ಕಂಡಕ್ಟರಿಗೆ ಕೈ ಮುಗಿದೆ. "ಜನ ಆಗ್ಲಿ ಇರಿ ಸಾರ್, ಏನ್ ಅಂಥ ಅರ್ಜೆಂಟು?" ಎಂದ. ಬಾಯಿ ತಪ್ಪಿ, "ಚಿಟ್ಟೆ ಬಂದ್ಬಿಡುತ್ತೆ ಕಣ್ರೀ" ಎಂದುಬಿಟ್ಟೆ. "ಬರ್ಲಿ ಬುಡಿ ಸಾರ್, ಅದಕ್ಕೂ ಸೀಟೈತೆ" ಎಂದು ಅವನು ಬೀಡಿ ಹಚ್ಚಿದ. ಆ ಬಸ್ಸಿನಲ್ಲಿ ನಾನು ಪಟ್ಟ ಸಂಕಟ ನನ್ನ ಶತ್ರುವಿಗೂ ಬೇಡ.

ಕಡಬದ ತಿರುವಿನಲ್ಲಿ ಬಸ್ಸು ಹಾರನ್ ಹೊಡೆಯಿತು. ಇಳಿದವನೇ ಓಡಿದೆ. ಹಿತ್ತಲಲ್ಲಿ ಪುಟ್ಟಮ್ಮ ಒಳ್ಳೆಯ ಸೀರೆ ಉಟ್ಟು ನಿಂತಿದ್ದರು. ಫೋಟೋ ಎಂದರೆ ಸುಮ್ಮನೆಯೇ? ನೆಲ ಸಾರಿಸಿ, ಗಿಡದ ಬುಡಕ್ಕೆ ರಂಗೋಲಿ ಬಿಟ್ಟು, ಜೇಡರ ಬಲೆ ತೆಗೆದು, ಎಲೆ ಎಲೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿದ್ದರು. ಗೂಡು ಇದ್ದ ಜಾಗದಲ್ಲೇ ಇತ್ತು. ಆದರೆ ಒಡೆದಿತ್ತು, ಖಾಲಿ.

"ಅವ್ವಾ, ಇದರೊಳಗೆ..." ಎಂದು ಖಾಲಿ ಸಿಪ್ಪೆಯತ್ತ ಬೆರಳು ತೋರಿಸಿದೆ.

"ಅದ್ಯಾಕ್ ಕೇಳ್ತೀಯ! ಕಾಯ್ಕೊಂಡೇ ಕುಂತಿದ್ದೆ. ಒಡ್ಕೊಂಡು ಒಂದು ಚಿಟ್ಟೆ ಈಚೆ ಬಂದು, ಅದ್ರ ಮ್ಯಾಲೇ ನೇತಾಡ್ಕೊಂಡ್ ಕುಂತ್ಬುಡ್ತು. ಕರ್ರಗೆ, ಕೆಂಪು ಬೊಟ್ಟು, ಬೋ ಚೆಂದಾಗಿತ್ತು. ಆದ್ರೆ ನೀನು ತೆಗೆಯೋದು ಇದ್ರ ಫೋಟೋ ಅಂದಿದ್ದೆಯಲ್ಲ? ಮರೆಯಾಯ್ತದೆ ಅಂತ ಕಡ್ಡೀಲಿ ಮೆಲ್ಲಗೆ ಎಬ್ಬಿಸ್ದೆ. ಊಹೂಂ, ಅಲ್ಲಾಡ್ಲಿಲ್ಲ. ಬಲು ಹೊತ್ತು ಅಲ್ಲೇ ಕುಂತಿತ್ತು. ಈಗ ಬಸ್ಸಿನ ಹಾರನ್ ಕೇಳ್ತಲ್ಲ, ನೀನ್ ಬಂದೆ ಅಂತ ಸೆರಗು ಬೀಸಿ ಓಡಿಸ್ಬುಟ್ಟೆ!"

ನಾನು ರಂಗೋಲಿಯ ಪಕ್ಕದಲ್ಲಿ ಕುಸಿದು ಕೂತೆ. ಕಣ್ಣಲ್ಲಿ ನೀರು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಹುಳ ಹತ್ತಿರ ಬಿಡಬೇಡಿ ಎಂದವನು ನಾನೇ, ಯಾರನ್ನು ಬಯ್ಯಲಿ? ಆಸೆಯೂ ಮುಗಿಯಿತು, ಮಳೆಗಾಲವೂ ಮುಗಿಯಿತು. "ಯಾಕಪ್ಪಾ, ಮಕ ಸಪ್ಪಗಾಯ್ತು? ಬಿಸಿಲು ಏರೋದ್ರೊಳಗೆ ತೆಗಿ ತೆಗಿ" ಎಂದು ಪುಟ್ಟಮ್ಮ ಅವಸರ ಮಾಡಿದರು. ಬೆಳಗಿನಿಂದ ಉಪವಾಸ ಕೂತು ಕಾದವರಿಗೆ ಏನಂತ ಹೇಳುವುದು? ಇದೇ ನನ್ನ ಕೊನೆಯ ಫೋಟೋ ಎಂದುಕೊಂಡು ಖಾಲಿ ಗೂಡಿಗೇ ಲೆನ್ಸ್ ಹಿಡಿದು ಒತ್ತಿದೆ.

ಅದೇನು ಗ್ರಹಚಾರವೋ, ನನ್ನ ಜನ್ಮದಲ್ಲಿ ಅಷ್ಟು ಸ್ಪಷ್ಟವಾದ ಫೋಟೋ ಬಂದಿರಲಿಲ್ಲ. ಸಿಪ್ಪೆಯ ಒಂದೊಂದು ಗೆರೆಯೂ ಕಾಣುತ್ತಿತ್ತು. ಪುಟ್ಟಮ್ಮ ಪರದೆಗೆ ಮೂಗು ತಾಗಿಸಿ ನೋಡಿ ಹಿಗ್ಗಿಹೋದರು.

"ಆಹಾ, ಎಷ್ಟ್ ಚೆನ್ನಾಗ್ ಬಂದೈತೆ! ಆ ಚಿಟ್ಟೆ ಇದ್ದಿದ್ರೆ ಎಲ್ಲಾ ಕೆಡಿಸ್ಬುಡ್ತಿತ್ತು ನೋಡು."

ಹೌದು ಅವ್ವಾ ಎಂದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ. ನನ್ನ ಕೈಗೆ ಸಿಕ್ಕಿದ್ದರೆ ಅದು ಖಂಡಿತ ಮಂಜು ಮಂಜಾಗಿಯೇ ಬರುತ್ತಿತ್ತು.