ಕುರಿದೊಡ್ಡಿಗೆ ಬಂದ ನೆಟ್

ರಾಯಿಕೋಡ್ ಮಂಡಲದ ಮಾಳವಾಡಿಯನ್ನು ಸಂಪೂರ್ಣ ಇಂಟರ್ನೆಟ್ ಸಂಪರ್ಕ ಪಡೆದ ಗ್ರಾಮವೆಂದು ಘೋಷಿಸಲಾಗಿದೆ. ಘೋಷಣೆಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿದ್ದಾರೆ. ಆಕ್ಷೇಪಣೆ ಇದ್ದವರು ಊರಿನ ನೆಟ್ ಮೂಲಕವೇ ಸಲ್ಲಿಸತಕ್ಕದ್ದು. ಇದುವರೆಗೆ ಒಂದೂ ಬಂದಿಲ್ಲ.

ಈ ಕೀರ್ತಿ ತಂದವನು ಕುರಿ ಕಾಯುವ ಮುದುಕ ಅಮೋಘಸಿದ್ದ. ಅವನಿಗೆ ಬೇಕಾಗಿದ್ದದ್ದು ನೆಟ್, ಅಂದರೆ ದೊಡ್ಡಿಯ ಸುತ್ತ ಕಟ್ಟುವ ನೈಲಾನ್ ಬಲೆ. ಹಳೆಯದು ಹರಿದು ಚಿಂದಿಯಾಗಿತ್ತು. ತೋಳವೊಂದು ಆ ಹರಿದ ಜಾಗವನ್ನೇ ಬಾಗಿಲು ಮಾಡಿಕೊಂಡು ಮರಿಗಳನ್ನು ಒಯ್ಯುತ್ತಿತ್ತು. ಸರಕಾರ ನೆಟ್ಟಿಗೆ ಸಬ್ಸಿಡಿ ಕೊಡುತ್ತದಂತೆ ಎಂದು ಸಂತೆಯಲ್ಲಿ ಕಿವಿಗೆ ಬಿದ್ದದ್ದೇ ತಡ, ಹೆಗಲಿಗೆ ಕಂಬಳಿ ಹಾಕಿಕೊಂಡು ಜಹೀರಾಬಾದಿಗೆ ಹೊರಟ.

ಅಲ್ಲಿ ‘ಮನೆಮನೆಗೂ ನೆಟ್’ ಯೋಜನೆಯ ಕಚೇರಿಯಲ್ಲಿ ಅಧಿಕಾರಿ ಅಮರನಾಥ ವರ್ಷದ ಗುರಿ ಮುಟ್ಟದೆ ಕಂಗಾಲಾಗಿ ಕೂತಿದ್ದರು. ತಾನಾಗಿಯೇ ನೆಟ್ ಕೇಳಿಕೊಂಡು ಬಂದ ಮೊದಲ ಫಲಾನುಭವಿಯನ್ನು ಕಂಡು ಕುರ್ಚಿ ಬಿಟ್ಟು ಎದ್ದರು.

“ಎಂಥಾದ್ದು ಬೇಕು ಯಜಮಾನ್ರ?”

“ದೊಡ್ಡಿ ಸುತ್ತ ಬಂದ್ರ ಸಾಕ್ರಿ ಸಾಹೇಬ್ರ. ಗಟ್ಟಿ ಇರಬೇಕು, ಅಷ್ಟ.”

“ಬಳಸೋರು ಎಷ್ಟು ಅದಾರ?”

“ಅರವತ್ತರ ಮ್ಯಾಲ ಅದಾವ್ರಿ. ಮರಿ ಬ್ಯಾರೆ.”

“ಎಲ್ಲಾರಿಗೂ ನಂಬರ್ ಅದಾವ?”

“ಕಿವ್ಯಾಗ ಅದಾವಲ್ರಿ! ದನದ ಡಾಕ್ಟ್ರು ಹಾಕ್ಯಾರ.”

ನಿಯಮದಂತೆ ಪ್ರತಿ ಬಳಕೆದಾರನಿಗೂ ಹನ್ನೆರಡು ಅಂಕಿಯ ಗುರುತಿನ ಸಂಖ್ಯೆ ಇರಬೇಕು. ಕುರಿಗಳ ಕಿವಿಬಿಲ್ಲೆಯಲ್ಲೂ ಹನ್ನೆರಡೇ ಅಂಕಿ ಇದ್ದವು. ಅಂಕಿ ಸರಿಹೊಂದಿದ ಮೇಲೆ ಕಿವಿ ಯಾರದೆಂದು ವಿಚಾರಿಸುವ ಕಲಂ ನಿಯಮದಲ್ಲಿ ಇರಲಿಲ್ಲ. ಮಂಜೂರಾತಿ ಅಂದೇ ಆಯಿತು.

ಗುತ್ತಿಗೆದಾರನ ಜನ ಬಂದು ಒಂದು ದೊಡ್ಡ ಸುರುಳಿ ಕೇಬಲ್ಲನ್ನು ದೊಡ್ಡಿಯ ಮುಂದೆ ಉರುಳಿಸಿ, ಫೋಟೋ ತೆಗೆದುಕೊಂಡು ಹೋದರು. ಕೇಬಲ್ಲಿನ ತುದಿಯನ್ನು ಎಲ್ಲಿಗಾದರೂ ಜೋಡಿಸುವುದು ಎರಡನೇ ಹಂತದ ಕಾಮಗಾರಿ. ಆ ಹಂತ ಇನ್ನೂ ಬಂದಿಲ್ಲ.

“ಬಲೆ ಕೇಳಿದ್ರ ಹಗ್ಗ ಕೊಟ್ಟಾರ” ಎಂದು ಅಮೋಘಸಿದ್ದ ಬಾಯಿಗೆ ಬಂದಂತೆ ಬೈದ. ಬೈದು ಮುಗಿದ ಮೇಲೆ ಜಾಲಿಗೂಟ ನೆಟ್ಟು, ಕೂತು, ಕೇಬಲ್ಲಿನಲ್ಲೇ ಬಲೆ ಹೆಣೆದ. ತೋಳ ಬಂದು ಸುತ್ತು ಹಾಕಿತು, ಕಚ್ಚಿ ನೋಡಿತು, ಬಂದ ದಾರಿ ಹಿಡಿಯಿತು. ಮುದುಕನಿಗೆ ಸರಕಾರದ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು.

ತಪಾಸಣೆಗೆಂದು ತಾಂಡೂರಿನಿಂದ ಧಮ್ಮಪಾಲ ಸಾಹೇಬರು ಬಂದರು. ದೊಡ್ಡಿಯ ಮುಂದೆ ಕುರಿ ಹಿಕ್ಕೆ ಬಿದ್ದಿದ್ದರಿಂದ ಜೀಪು ಇಳಿಯಲಿಲ್ಲ.

“ನೆಟ್ ಹ್ಯಾಂಗದ?”

“ಭಾಳ ಚಲೋ ಅದರಿ.”

“ನಡುನಡುವ ಕಟ್ ಆಗ್ತದೇನು?”

“ಹಳೇದು ಆಗ್ತಿತ್ರಿ. ಇದಕ್ಕ ಹಲ್ಲ ನಾಟಂಗಿಲ್ಲ.”

“ಲಾಸ್ ಏನಾರ?”

“ಮೊದಲ ವಾರಕ್ಕೊಂದು ಹೋಗ್ತಿತ್ರಿ. ಈಗ ಒಂದೂ ಇಲ್ಲ.”

ಇಡೀ ಪ್ರವಾಸದಲ್ಲಿ ನೆಟ್ ಚೆನ್ನಾಗಿದೆ ಎಂಬ ಮಾತು ಸಾಹೇಬರ ಕಿವಿಗೆ ಬಿದ್ದದ್ದು ಅಲ್ಲಿ ಮಾತ್ರ. ಗ್ರಾಹಕರ ತೃಪ್ತಿ ಶೇಕಡಾ ನೂರು ಎಂದು ವರದಿಯಾಯಿತು. ಗುತ್ತಿಗೆದಾರನ ಬಿಲ್ಲು ಪಾಸಾಯಿತು. ಅಮರನಾಥರಿಗೆ ಬಡ್ತಿಯೂ, ಅಮೋಘಸಿದ್ದನಿಗೆ ಕಂಬಳಿಯ ಮೇಲೆಯೇ ಒಂದು ಶಾಲೂ ಸಂದವು.

ತಕರಾರು ಎತ್ತಿದ್ದು ಮೊಮ್ಮಗಳು ಮನಿಷಾ. ಡಿಗ್ರಿ ಕಾಲೇಜಿನ ಅರ್ಜಿ ತುಂಬಲು ಅವಳು ಗುಡ್ಡ ಹತ್ತಬೇಕು, ಅಲ್ಲಿ ಗಡಿಯಾಚೆಯ ಕರ್ನಾಟಕದ ಟವರಿನ ಸಿಗ್ನಲ್ ಮನಸ್ಸಾದರೆ ಸಿಗುತ್ತದೆ. ಅರ್ಧಕ್ಕೆ ಹೋದರೆ ಮತ್ತೆ ಮೊದಲಿನಿಂದ. ಕೊನೆಯ ದಿನ ಹತ್ತಿರ ಬಂದಿತ್ತು.

“ಅಜ್ಜಾ, ನಡಿ. ಖರೇ ಏನದ ಅದನ್ನ ಹೇಳಿಬಿಡು.”

ಹೋದರು. ಅಮರನಾಥ ಸಮಾಧಾನದಿಂದ ಕೇಳಿಕೊಂಡರು.

“ತಪ್ಪಾಗ್ಯಾದ ಅಂತ ನಾ ಬರಿಬಹುದು ತಂಗಿ. ಬರದ್ರ ಕೇಬಲ್ ಸುತ್ಕೊಂಡು ಹೋಗ್ತಾರ. ತ್ವಾಳಕ್ಕ ಯಾರು ಜವಾಬ?”

ಅಮೋಘಸಿದ್ದನಿಗೆ ಅತ್ತ ಮರಿಗಳು, ಇತ್ತ ಮೊಮ್ಮಗಳು.

“ಇನ್ನೊಂದು ದಾರಿ ಅದ” ಎಂದರು ಅಮರನಾಥ. “ಹೊಸಾ ಬಳಕೆದಾರರನ್ನ ಸೇರಸಾಕ ಬರ್ತದ. ಸೇರಿದ್ರ ಅವರ ಮನಿತನಾ ಲೈನ್ ಎಳೀಬೇಕು ಅಂತ ನಿಯಮ ಅದ. ನಂಬರ್ ಹೇಳು.”

ಮನಿಷಾ ಆಧಾರ್ ಕಾರ್ಡು ಮುಂದಿಟ್ಟಳು. “ಇದಕ್ಕೂ ಹನ್ನೆರಡು ಅಂಕಿ ಅದಾವ್ರಿ.”

“ಅದಾವ. ಆದ್ರ ನಿಮ್ಮೂರಿನ ನಂಬರ್ ಎಲ್ಲಾ ಕಿವಿಬಿಲ್ಲಿದು. ಸಿಸ್ಟಮ್ ಬ್ಯಾರೇದು ತಗೊಳ್ಳಂಗಿಲ್ಲ.”

ಇದರಲ್ಲಿ ಅವಮಾನದ ಮಾತು ಇಲ್ಲವೆಂದೂ, ಬಿಲ್ಲೆ ಸಂಪೂರ್ಣ ಉಚಿತವೆಂದೂ ಮಾರನೆಯ ದಿನ ಊರಲ್ಲಿ ಡಂಗುರ ಹೊಡೆಸಲಾಯಿತು. ಪಡಿತರಕ್ಕೆ ಬೆರಳು ಕೊಟ್ಟವರು, ಪಿಂಚಣಿಗೆ ಕಣ್ಣು ಕೊಟ್ಟವರು, ಇನ್ನು ಕಿವಿಯೇನು ದೊಡ್ಡದು ಎಂದು ಪಶು ಆಸ್ಪತ್ರೆಯ ಮುಂದೆ ಸಾಲು ನಿಂತರು. ಕಟ್ಟಿ ಹಾಕುವವರಿಲ್ಲದಿದ್ದರೂ ಜನ ಶಿಸ್ತಿನಿಂದ ನಿಂತಿದ್ದಾರೆಂದು ಡಾಕ್ಟರು ಮೆಚ್ಚಿಕೊಂಡರು.

ಮನಿಷಾಳ ಸರದಿ ಬಂತು. ಅವಳು ಜುಮುಕಿ ಬಿಚ್ಚಿ ಮುಷ್ಟಿಯಲ್ಲಿ ಹಿಡಿದುಕೊಂಡಳು. ಅಮೋಘಸಿದ್ದ ರೂಢಿಯಂತೆ ಅವಳ ತಲೆಯನ್ನು ಕಂಕುಳಲ್ಲಿ ಅವುಚಿಕೊಂಡ.

“ಎಡಗಿವಿನೋ, ಬಲಗಿವಿನೋ?” ಎಂದರು ಡಾಕ್ಟರು.

“ಎಡಗಿವಿಗೇ ಹಾಕ್ರಿ” ಎಂದ ಮುದುಕ. “ನೆಟ್ ಬಂದ ಮ್ಯಾಲ ಫೋನ್ ಹಿಡಿಯಾಕ ಬಲಗಿವಿ ಬೇಕಾಗ್ತದ.”