ಹಾರುಗಾಲು ತೂಗುಹಾಕಲು ಮೊಳೆ ಒಂದರ ಬಗ್ಗೆ

“ಹ್ವಾಯ್, ಇದನ್ನ ಎಲ್ ಇಡೂದ್?”

(ಮೇಲಿನ ಪ್ರಶ್ನೆಯನ್ನು ಕಳೆದ ಶನಿವಾರ ಸಂಜೆ ದೇವಸ್ಥಾನದ ಹೊರಬಾಗಿಲಲ್ಲಿ ನಿಂತು ಗಟ್ಟಿಯಾಗಿ ಕೇಳಿದವನು ನಾನೇ. ಆಗ ಅಲ್ಲಿ ಯಾರೂ ಇರಲಿಲ್ಲ. ಯಾರೂ ಇಲ್ಲದ ಕಾರಣ ಯಾರೂ ಉತ್ತರ ಕೊಡಲಿಲ್ಲ. ಆದ್ದರಿಂದ ಬರವಣಿಗೆಯಲ್ಲಿ ಕೇಳುವುದೇ ಸರಿಯೆಂದು ತೋರಿ ಈ ಅರ್ಜಿ.)

ಇಂದ:
ಕುಷ್ಟ, ಐಸ್ ಪ್ಲಾಂಟಿನ ಗುಮಾಸ್ತ,
ಕಡಲಕರೆ, ತೆಕ್ಕಟ್ಟೆ ಪಡುಬದಿ,
ಕುಂದಾಪುರ ತಾಲೂಕು.

ಗೆ:
ಮಾನ್ಯ ಅಧ್ಯಕ್ಷರು,
ಆಡಳಿತ ಮಂಡಳಿ, ಶ್ರೀ ಮುಖ್ಯಪ್ರಾಣ ದೇವಸ್ಥಾನ, ಕಡಲಕರೆ.

ದಿನಾಂಕ: 16 ನವೆಂಬರ್ 2012, ಶುಕ್ರವಾರ.

ವಿಷಯ: ನನ್ನ ಹೆಂಡತಿಯ ಹಾರುಗಾಲುಗಳನ್ನು, ಅವಳು ತೊಡದೆ ಇರುವ ವೇಳೆಯಲ್ಲಿ, ವಾಚನ ಮಂಟಪದ ಹಿಂಗೋಡೆಗೆ ತೂಗುಹಾಕಲು ಮೊಳೆ ಒಂದನ್ನು ಹೊಡೆಯಲು ಅನುಮತಿ ಕೋರಿ.

ಉಲ್ಲೇಖ:
1. ಚಪ್ಪಲಿ ಕಾಯುವ ಸೂರನವರ ಮೌಖಿಕ ಆದೇಶ: “ಇದ್ ಚಪ್ಲಿ ಅಲ್ಲ. ಒಳ್ಗ್ ತಕಣಿ.”
2. ಒಳಗೆ ತಮ್ಮದೇ ಮೌಖಿಕ ಆದೇಶ: “ಇದ್ ಚಪ್ಲಿಯೇ. ಹೊರ್ಗ್ ಇಡಿ.”
3. ಎರಡೂ ಆದೇಶಗಳ ನಡುವೆ ಇರುವ ಮೆಟ್ಟಿಲು ಮತ್ತು ಅದರ ಮೇಲೆ ಕೂತಿರುವ ನಾನು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಹಾರುಗಾಲು ಎಂಬುದು ಮೊಣಕಾಲಿನ ಕೆಳಗೆ ಪಟ್ಟಿ ಬಿಗಿದು ತೊಡುವ ಸಾಧನ. ಹಿಂದುಗಡೆ ಬಿಲ್ಲಿನಂತೆ ಬಾಗಿದ ಸ್ಪ್ರಿಂಗು, ಅಡಿಯಲ್ಲಿ ದನದ ಗೊರಸಿನಷ್ಟು ರಬ್ಬರು. ತೊಟ್ಟವರು ಆಳೆತ್ತರ ಹಾರುತ್ತಾರೆ. ತೊಡದವರು ಹೊರುತ್ತಾರೆ.

ನನ್ನ ಭಾವ ವಿಶಾಲ್ ಮುಂಬಯಿಯಲ್ಲಿ ಮದುವೆ ಮೆರವಣಿಗೆಗಳ ಮುಂದೆ ಇದನ್ನು ತೊಟ್ಟು ಹಾರುವ ಕೆಲಸದಲ್ಲಿದ್ದ. ಅವನದೇ ಮದುವೆಯಾದ ಮೇಲೆ ಅವನ ಹೆಂಡತಿ “ಇನ್ ಹಾರಿದ್ದ್ ಸಾಕ್” ಎಂದ ಕಾರಣ, ಜೋಡಿಯನ್ನು ತಂದು ನಮ್ಮ ಜಗುಲಿಯಲ್ಲಿ ಒರಗಿಸಿ ಹೋದ. ಬೆಂಡೆ ಗಿಡಕ್ಕೆ ಊರುಗೋಲಾಗಿ ಬಳಸುವುದೆಂದು ಮನೆಯಲ್ಲಿ ತೀರ್ಮಾನವಾಗಿ, ನೆಟ್ಟೂ ಆಗಿತ್ತು. ಅಷ್ಟರಲ್ಲಿ ಕಡಲ್ಕೊರೆತ ತಡೆಯಲೆಂದು ದಡದುದ್ದಕ್ಕೂ ಕಲ್ಲಿನ ಗೋಡೆ ಬಂತು. ಗೋಡೆ ಬಂದ ಮೇಲೆ ಕೊರೆತ ನಿಂತಿತೋ ಇಲ್ಲವೋ ಇಲಾಖೆಯವರು ಹೇಳಬೇಕು. ಬುಟ್ಟಿ ಹಿಡಿದು ಕಾಯುವ ಮೀನು ಮಾರುವ ಹೆಂಗಸರಿಗೆ ಕಡಲು ಕಾಣುವುದಂತೂ ನಿಂತಿತು.

ಕಡಲು ಕಾಣದಿದ್ದರೆ ಏನು ನಷ್ಟ ಎಂಬುದನ್ನು ತಮ್ಮಂಥವರಿಗೆ ವಿವರಿಸುವ ಅಗತ್ಯವಿಲ್ಲ. ಬರುವ ದೋಣಿ ನೀರಿನಲ್ಲಿ ಎಷ್ಟು ಕುಂತಿದೆ ಎಂದು ದೂರದಿಂದ ನೋಡಿದರೆ ಹೊಟ್ಟೆಯಲ್ಲಿ ಎಷ್ಟು ಮೀನಿದೆ ಎಂದು ನಮ್ಮ ಹೆಂಗಸರು ಹೇಳುತ್ತಾರೆ. ಮೀನು ರಾಶಿ ಇದೆಯೆಂದು ಮೊದಲೇ ಗೊತ್ತಾದರೆ ಹರಾಜಿನಲ್ಲಿ ಹೆದರಿ ದರ ಏರಿಸಬೇಕಾಗಿಲ್ಲ. ಕಲ್ಲು ಹತ್ತಿ ನೋಡಲು ಹೋದ ಸರಸಕ್ಕ ಪಾಚಿಗೆ ಜಾರಿ ಕೈ ಮುರಿದುಕೊಂಡಳು. ಆ ದಿನ ಸಂಜೆ ನನ್ನ ಹೆಂಡತಿ ಸುಗುಣ ಬೆಂಡೆ ಗಿಡದ ಬುಡದಿಂದ ಹಾರುಗಾಲು ಕಿತ್ತು ತಂದಳು.

ಈಗ ಅವಳು ಗೋಡೆಯ ಈಚೆ ಗಟ್ಟಿ ಮಣ್ಣಿನಲ್ಲಿ ನಿಂತು ಹಾರುತ್ತಾಳೆ. ಒಂದು ಹಾರಿಕೆಗೆ ಎರಡೇ ಮಾತು ಹಿಡಿಯುತ್ತದೆ. “ತಿಮ್ಮನ್ ದೋಣಿ...” ಎನ್ನುವಷ್ಟರಲ್ಲಿ ಕೆಳಗೆ ಬರುತ್ತಾಳೆ. “...ಕುಂತಿತ್ತ್!” ಎಂಬುದು ಮುಂದಿನ ಹಾರಿಕೆಗೆ. “ಬಂಗ್ಡೆ ರಾಶಿ...” “...ಇತ್ತ್ ಹೆಣ್ಣೆ...” “...ಹೆದ್ರ್ಬೇಡಿ!” ಕೆಳಗೆ ನಿಂತ ಹೆಂಗಸರು ಕತ್ತೆತ್ತಿ, ದೇವರ ನುಡಿ ಕೇಳುವವರಂತೆ ಕೇಳುತ್ತಾರೆ.

ತಾವು ಮೀನಿನ ಕಮಿಷನ್ ವ್ಯಾಪಾರದವರೂ ಆಗಿರುತ್ತೀರಿ. ತಮ್ಮ ಮನೆಗೆ ಮಾಳಿಗೆ ಇರುವ ಕಾರಣ, ಗೋಡೆ ಬಂದ ಮೇಲೆ ಕಡಲು ತಮಗೊಬ್ಬರಿಗೇ ಕಾಣುತ್ತಿತ್ತು. ಈಗ ಸುಗುಣಳಿಗೂ ಕಾಣುತ್ತದೆ. ಈ ಸಂಗತಿಗೂ ಮಂಟಪದ ಸಂಗತಿಗೂ ಸಂಬಂಧವಿದೆಯೆಂದು ನಾನು ಈ ಅರ್ಜಿಯಲ್ಲಿ ಎಲ್ಲಿಯೂ ಬರೆದಿರುವುದಿಲ್ಲ.

ಹರಾಜು ಮುಗಿದ ಕೂಡಲೇ ಸುಗುಣಳ ತಲೆಗೆ ಬುಟ್ಟಿ ಏರುತ್ತದೆ, ಅವಳು ಪೇಟೆಗೆ ನಡೆಯುತ್ತಾಳೆ. ಮನೆ ತೆಂಕಿಗೆ, ದೇವಸ್ಥಾನ ಬಡಗಿಗೆ. ಮನೆಗೆ ಹೋಗಿ ಬರುವಷ್ಟರಲ್ಲಿ ಮಂಟಪದಲ್ಲಿ ಸಂಜೆಯ ಕಾವ್ಯ ವಾಚನ ಅರ್ಧ ಮುಗಿದಿರುತ್ತದೆ. ದಡದಲ್ಲಿ ಬಿಟ್ಟರೆ ಉಪ್ಪುಗಾಳಿ ಬೋಲ್ಟು ತಿನ್ನುತ್ತದೆ, ನಾಯಿ ಪಟ್ಟಿ ತಿನ್ನುತ್ತದೆ (ಒಮ್ಮೆ ತಿಂದಿದೆ). ಕಾರಣ, ಹಾರುಗಾಲು ಹೊತ್ತುಕೊಂಡೇ ದೇವಸ್ಥಾನಕ್ಕೆ ಬರುವುದು ನನಗೆ ಅನಿವಾರ್ಯವಾಗಿರುತ್ತದೆ. ಹೊರುವ ಬಗೆಗೆ ಇದುವರೆಗೆ ಮಾಡಿದ ಪ್ರಯತ್ನಗಳು ಈ ಕೆಳಗಿನಂತಿವೆ:

1. ಬರಿ ಹೆಗಲು. ಹೆಗಲಿಗೊಂದರಂತೆ ಹಾಕಿಕೊಂಡು ನಡೆದೆ. ನಾನು ತಿರುಗಿದಾಗ ಅವು ನನಗಿಂತ ಸ್ವಲ್ಪ ತಡವಾಗಿ ತಿರುಗುತ್ತವೆ. ಹೆದ್ದಾರಿಯ ಬದಿಯ ಹೋಟೆಲಿನವರು ಹೊರಗೆ ತೂಗುಹಾಕಿದ್ದ ಬಾಳೆಗೊನೆ ಬಿತ್ತು. ನಾನು ಕ್ಷಮೆ ಕೇಳಲು ತಿರುಗಿದಾಗ ಬಿಸ್ಕೀಟಿನ ಭರಣಿ ಬಿತ್ತು. ಮತ್ತೆ ತಿರುಗದೆ ಮುಂದಕ್ಕೆ ಬಂದೆ.

2. ತಲೆ. “ಸಿಂಬಿ ಮಾಡಿ ತಲಿ ಮೇಲೆ ಇಟ್ಕಣಿ, ಕೈ ಬಿಟ್ಟ್ಕಂಡ್ ನಡೀಲಕ್ಕ್” ಎಂದು ಸುಗುಣ ತನ್ನ ಬುಟ್ಟಿಯ ಅಡಿಗಿಡುವ ಬಟ್ಟೆಯ ಸುರುಳಿಯನ್ನೇ ಕೊಟ್ಟಳು. ಹಾರುಗಾಲನ್ನು ಗೋಣಿಯಲ್ಲಿ ಕಟ್ಟಿ ತಲೆಗೇರಿಸಿದೆ. ನಡೆದೆ. ಹಿಂದಿನಿಂದ ಬೆಕ್ಕುಗಳೂ ನಡೆದವು. ದಾರಿಯಲ್ಲಿ ಸಿಕ್ಕಿದ ಪ್ರಭಾವತಿಯಮ್ಮ, “ಹ್ವಾಯ್ ಕುಷ್ಟಣ್ಣ, ಗೋಣಿ ಒಳ್ಗೆ ಎಂತ ಮೀನ್?” ಎಂದರು.
“ಮೀನಲ್ಲ, ಹೆಂಡ್ತಿ ಕಾಲ್.”
“ಅಯ್ಯೋ ದೇವ್ರೆ!” ಎಂದು ಅವರು ಅಲ್ಲೇ ಕೂತುಬಿಟ್ಟರು.
ನಾನು ಹೆಚ್ಚು ಮಾತಿನವನಲ್ಲ. ಆದ್ದರಿಂದ ವಿವರಿಸದೆ ಮುಂದೆ ಬಂದೆ. ಆ ಸಂಜೆ ಎಳನೀರು, ಬ್ರೆಡ್ಡು ಹಿಡಿದು ಸುಗುಣಳನ್ನು ನೋಡಲು ಬಂದವರಿಗೆಲ್ಲ ಅವಳೇ ಎದ್ದು ಬಂದು ಚಾ ಮಾಡಿ ಕೊಟ್ಟಳು. ಎರಡೂ ಕಾಲಿನಲ್ಲಿ ನಡೆದು ಬಂದದ್ದಕ್ಕೆ ಕೆಲವರಿಗೆ ಬೇಸರವಾದದ್ದು ಕಂಡಿತು.

3. ಬಲೆ. ಹಳೆಯ ಬಲೆಯ ತುಂಡನ್ನು ಚೀಲದಂತೆ ಹೊಲಿದು ಬೆನ್ನಿಗೆ ಹಾಕಿದೆ. ಹಗುರ, ಗಟ್ಟಿ, ಗಾಳಿ ಆಡುತ್ತದೆ. ಆದರೆ ಬಲೆಯ ಸ್ವಭಾವ ಹಿಡಿಯುವುದು. ಗೇಟಿನ ಚಿಲಕ, ಒಬ್ಬರ ಕೊಡೆ, ಮತ್ತೊಬ್ಬರ ಕೋಳಿ, ಹೀಗೆ ಹಿಡಿಯುತ್ತ ಬಂದಿತು. ಕೋಳಿಯ ಸಮೇತ ತಮ್ಮ ಬಾಗಿಲಿಗೆ ಬಂದ ನನ್ನನ್ನು ಆ ದಿನ ತಾವು ತಡೆದದ್ದು ನ್ಯಾಯವಾಗಿಯೇ ಇತ್ತು.

4. ಬಿದಿರು. ಎರಡು ಹಾರುಗಾಲನ್ನೂ ಬಿಳಿ ಪಂಚೆಯಲ್ಲಿ ಸುತ್ತಿ, ಬಿದಿರಿಗೆ ಕಟ್ಟಿ, ಮುಂದೆ ನಾನು ಹಿಂದೆ ಸೂರನವರು ಹೆಗಲು ಕೊಟ್ಟೆವು. ಈ ವಿಧಾನದಲ್ಲಿ ನಮಗೆ ದಾರಿಯುದ್ದಕ್ಕೂ ದೊರೆತ ಮರ್ಯಾದೆ ಬೇರೆ ಯಾವುದರಲ್ಲೂ ದೊರೆತಿಲ್ಲ. ಬಸ್ಸು ನಿಂತಿತು. ಅಂಗಡಿಯವರು ಅರ್ಧ ಬಾಗಿಲು ಎಳೆದರು. ಚಪ್ಪಲಿ ಬಿಟ್ಟು ಕೈ ಮುಗಿದರು. “ಯಾರ್ ಹ್ವಾದ್ದ್?” ಎಂದು ಮೆಲ್ಲಗೆ ಕೇಳಿದವರಿಗೆ ಸೂರನವರು “ಸುಗುಣಕ್ಕಂದ್” ಎಂದು ಸತ್ಯವನ್ನೇ ಹೇಳಿದರು. ಜನ ಸೇರಿದರು. ಸ್ಮಶಾನದ ತಿರುವಿನಲ್ಲಿ ನಾವು ಎಡಕ್ಕೆ ತಿರುಗದೆ ದೇವಸ್ಥಾನದ ಕಡೆಗೆ ಬಲಕ್ಕೆ ತಿರುಗಿದಾಗ ಹಿಂದೆ ಬಂದವರಲ್ಲಿ ಗಲಾಟೆಯಾಯಿತು. ಅದೇ ಹೊತ್ತಿಗೆ ಖಾಲಿ ಬುಟ್ಟಿ ಹಿಡಿದು ಎದುರಿಗೆ ಬಂದ ಸುಗುಣ, “ಎಂತ ಜನ ಮರಾಯ್ರೆ! ಯಾರ್ ತೀರ್ಕಂಡದ್ದ್?” ಎಂದು ಕೇಳಿದಳು. ಸೂರನವರು ಅಂದಿನಿಂದ ಹೆಗಲು ಕೊಡುತ್ತಿಲ್ಲ.

5. ಸೀರೆ. ಇದನ್ನು ಕೊನೆಗೆ ಬರೆಯಲು ಕಾರಣವಿದೆ.

ನನ್ನ ಅಬ್ಬೆಗೆ, ಅಂದರೆ ತಾಯಿ ಬೆಳ್ಳಿಗೆ, ಓದು ಬರುತ್ತಿರಲಿಲ್ಲ. ಆದರೆ ಸಂಜೆ ದೀಪ ಹಚ್ಚಿ, ಬಲೆಯ ಹರುಕು ಹೊಲಿಯುತ್ತ, ಪದ್ಯದ ಮೇಲೆ ಪದ್ಯ ಹೇಳುತ್ತಿದ್ದರು. ಅವರು ಕೇಳಿ ಕಲಿತದ್ದು, ನಾನು ಅವರ ಮಡಿಲಲ್ಲಿ ತಲೆಯಿಟ್ಟು ಕೇಳಿದ್ದು. ಮುಖ್ಯಪ್ರಾಣ ದೇವರು ಕಡಲು ಹಾರುವ ಭಾಗ ಬಂದಾಗ ಅವರ ಧ್ವನಿ ಏರುತ್ತಿತ್ತು, ಸೂಜಿ ನಿಲ್ಲುತ್ತಿತ್ತು. “ಅಬ್ಬೆ, ಹೀಂಗಂದ್ರೆ ಎಂತ?” ಎಂದರೆ, “ಅರ್ಥ ನಂಗೂ ಗೊತ್ತಿಲ್ಲೆ ಮಗ. ದೊಡ್ಡವ ಆದ್ಮೇಲೆ ಯಾರಾರೂ ಹೇಳ್ತ್ರ್, ಕೇಣ್” ಎನ್ನುತ್ತಿದ್ದರು. ನಾನು ದೊಡ್ಡವನಾಗಿ ನಿವೃತ್ತಿಗೆ ಹತ್ತಿರವಾಗಿದ್ದೇನೆ. ಹೇಳುವವರು ಈ ವರ್ಷ ನಮ್ಮ ದೇವಸ್ಥಾನಕ್ಕೆ ಬಂದಿದ್ದಾರೆ. ಒಬ್ಬರು ಪದ್ಯ ಹಾಡುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ. ಹಾಡುವವರಿಗೆ ಮೈಕು ಇದೆ. ಅರ್ಥದವರ ಮೈಕು ಕೆಟ್ಟಿದೆ. ಆದ್ದರಿಂದ ಮೆಟ್ಟಿಲ ಮೇಲೆ ಕೂತ ನನಗೆ ಪದ್ಯ ಕೇಳುತ್ತದೆ, ಅರ್ಥ ಕೇಳುವುದಿಲ್ಲ. ಪದ್ಯ ನನಗೆ ಮೊದಲೇ ಬರುತ್ತಿತ್ತು.

ಕಡಲು ಹಾರುವ ಭಾಗ ನಾಳೆ ಶನಿವಾರಕ್ಕೆ ಇದೆಯೆಂದು ತಿಳಿದುಬಂದಿರುತ್ತದೆ.

ಈ ಕಾರಣದಿಂದ ನಾನು ಅಬ್ಬೆಯ ಹಳೆಯ ನೂಲಿನ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ನಾಲ್ಕು ಮಡಿಕೆ ಮಾಡಿ, ಮಗುವಿನ ತೊಟ್ಟಿಲಿನಂತೆ ಹೆಗಲಿನಿಂದ ಸೊಂಟಕ್ಕೆ ಅಡ್ಡಲಾಗಿ ಕಟ್ಟಿದೆ. ಹಾರುಗಾಲುಗಳು ಅದರೊಳಗೆ ಒಂದನ್ನೊಂದು ತಾಗದೆ ಮಲಗುತ್ತವೆ. ಸ್ಪ್ರಿಂಗು ಕಿಣಿಗುಟ್ಟುವುದಿಲ್ಲ. ಬೆಕ್ಕು ಬರುವುದಿಲ್ಲ, ಕೋಳಿ ಸಿಕ್ಕಿಬೀಳುವುದಿಲ್ಲ, ಯಾರೂ ಚಪ್ಪಲಿ ಬಿಡುವುದಿಲ್ಲ. ಸೀರೆಯ ಗಂಟನ್ನು ಮೊಳೆಗೆ ಸಿಕ್ಕಿಸಿದರೆ ಗೋಡೆಗೆ ಒತ್ತಿ ಸುಮ್ಮನೆ ನೇತಾಡುತ್ತವೆ, ನೆಲವನ್ನು ಮುಟ್ಟುವುದಿಲ್ಲ. ನೆಲ ಮುಟ್ಟದ್ದು ಚಪ್ಪಲಿ ಹೇಗಾಗುತ್ತದೆ ಎಂಬುದನ್ನು ಮಂಡಳಿ ಪರಿಶೀಲಿಸಬೇಕು.

ಕಳೆದ ವಾರ ಈ ಬಗ್ಗೆ ಬಾಯಿಮಾತಿನಲ್ಲಿ ವಿನಂತಿಸಿದಾಗ ತಾವು, “ದೇವ್ರ್ ಹಾರ್ದದ್ದ್ ಸ್ವಂತ ಕಾಲಲ್ಲ್ ಕುಷ್ಟ, ಸ್ಪ್ರಿಂಗಲ್ಲಲ್ಲ” ಎಂದು ಹೇಳಿ, ಸುತ್ತಲಿದ್ದವರು ನಕ್ಕ ಕಾರಣ ಸಭೆ ಅಲ್ಲಿಗೆ ಮುಗಿದಿತ್ತು. ಉತ್ತರ ಕೊಡುವುದು ನನ್ನ ಅಭ್ಯಾಸವಲ್ಲ. ಆದರೆ ಗರ್ಭಗುಡಿಯ ವಿಗ್ರಹದಲ್ಲಿ ಬಾಲವನ್ನು ತಲೆಯ ಮೇಲಕ್ಕೆ ಬಾಗಿಸಿ ಅಚ್ಚುಕಟ್ಟಾಗಿ ಇಟ್ಟುಕೊಂಡಿರುವುದು ಪ್ರತಿದಿನ ಮಂಗಳಾರತಿಯ ಬೆಳಕಿನಲ್ಲಿ ನಮಗೆಲ್ಲ ಕಾಣುತ್ತದೆ. ಹಾರಲು ನೆರವಾದದ್ದನ್ನು ಹಾರದ ವೇಳೆಯಲ್ಲೂ ದೂರ ಮಾಡದೆ ಮರ್ಯಾದೆಯಿಂದ ಇಟ್ಟುಕೊಳ್ಳುವ ಕ್ರಮಕ್ಕೆ ಇದಕ್ಕಿಂತ ದೊಡ್ಡ ಪೂರ್ವನಿದರ್ಶನ ನನ್ನ ಕಡತದಲ್ಲಿ ಇಲ್ಲ.

ಆದ್ದರಿಂದ, ಮತ್ತು ಮೇಲಿನ ಎಲ್ಲ ಕಾರಣಗಳಿಂದ, ಮಂಟಪದ ಹಿಂಗೋಡೆಯಲ್ಲಿ, ದಾನಿಗಳ ಹೆಸರಿನ ಕಲ್ಲಿಗೂ ಕ್ಯಾಲೆಂಡರಿಗೂ ನಡುವೆ, ಒಂದೇ ಒಂದು ಮೊಳೆ ಹೊಡೆಯಲು ಅನುಮತಿ ನೀಡಬೇಕೆಂದೂ, ಗೋಡೆ ನೋಯುತ್ತದೆಂದು ತೋರಿದಲ್ಲಿ ಮೆಲ್ಲಗೆ ಹೊಡೆಯುತ್ತೇನೆಂದೂ ಈ ಮೂಲಕ ಬೇಡಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸದಲ್ಲೂ ಮೆಟ್ಟಿಲಲ್ಲೂ ಕೂತಿರುವ,
ಕುಷ್ಟ

ಲಗತ್ತುಗಳು:
1. ಮೊಳೆ (ಮೂರಿಂಚು, ತುಕ್ಕು ಹಿಡಿಯದ್ದು).
2. ಸುತ್ತಿಗೆ (ಕೆಲಸವಾದ ಮೇಲೆ ಹಿಂದಿರುಗಿಸುವುದು; ನೆರೆಮನೆಯದು).
3. ಬಾಳೆಗೊನೆಯ ಹೋಟೆಲಿನವರು ನನ್ನನ್ನು ಕ್ಷಮಿಸಿದ್ದಾರೆಂಬ ಪತ್ರ.

ವಿ.ಸೂ.: ಈ ಅರ್ಜಿಯನ್ನು ಮಡಚುತ್ತಿರುವಾಗಲೇ ತಾವು ಸೂರನವರ ಮೂಲಕ ಕಳಿಸಿದ ಮಾತು ತಲುಪಿತು. ಸೂರನವರು ಜಗುಲಿಯ ಕೆಳಗೆ ನಿಂತು, ನೆಲ ನೋಡುತ್ತ, ಹೇಳಿದ್ದು ಹೀಗಿದೆ: “ಅಧ್ಯಕ್ಷರ್ ಹೇಳ್ಯಾರ್. ನಾಳೆ ಎದ್ರ್ ಸಾಲಲ್ಲ್, ಫ್ಯಾನಿನ್ ಅಡಿಗೆ, ಅರ್ಥ ಹೇಳೂರ್ ಬದಿಗೇ ನಿಮ್ಗೆ ಕುರ್ಚಿ ಹಾಕ್ಸ್ತ್ರಂಬ್ರ್. ಸುಗುಣಕ್ಕ ಆ ಕಾಲ್ ಅಟ್ಟಕ್ಕ್ ಹಾಕ್ಬೇಕಂಬ್ರ್. ಇನ್ ಹಾರೂಕಾಗ. ಅಷ್ಟೇ.”

ಒಳಗೆ ಮೀನು ತೊಳೆಯುತ್ತಿದ್ದ ಸುಗುಣ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಸ್ವಲ್ಪ ಹೊತ್ತು ಹಾರುಗಾಲನ್ನು ನೋಡಿದಳು, ಅಬ್ಬೆಯ ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು.

“ಕೊಡಿ ಇಲ್ಲ್” ಎಂದಳು. “ಅಟ್ಟಕ್ಕ್ ಹಾಕ್ತೆ. ನೀವ್ ಹೋಯಿ ಅರ್ಥ ಕೇಣಿ. ಅತ್ತೆ ಬದ್ಕಿಪ್ಪತಿಗೆ ಅರ್ಥ ಹೇಳೂಕ್ ಆಯ್ಲಿಲ್ಲ, ನೀವಾರೂ ಕೇಣಿ. ನಾನ್ ಕಲ್ಲ್ ಹತ್ತಿ ಕಡ್ಲ್ ಕಾಣ್ತೆ.” ಎಂದು ಕೈ ಚಾಚಿದಳು.

ಸೂರನವರು ತಲೆಯೆತ್ತಿ ನನ್ನನ್ನು ನೋಡಿದರು. ತಮಗೆ ಒಯ್ಯಬೇಕಾದ ಉತ್ತರಕ್ಕಾಗಿ ಕಾಯುತ್ತಿದ್ದರು. ಜೀವಮಾನದಲ್ಲಿ ಕೇಳಿ ಗೊತ್ತೇ ಹೊರತು ಹೇಳಿ ಗೊತ್ತಿಲ್ಲದವನು ನಾನು. ಆದರೂ ಸೀರೆಯ ಗಂಟನ್ನು ಹೆಗಲಿಗೆ ಇನ್ನೊಂದು ಸಲ ಬಿಗಿದು, ಅವಳಿಗೂ ತಮಗೂ ಒಂದೇ ಉತ್ತರವನ್ನು ಗಟ್ಟಿಯಾಗಿ ಕೊಟ್ಟಿರುತ್ತೇನೆ. ಸೂರನವರು ಅಲ್ಲಿಗೆ ತಲುಪುವಷ್ಟರಲ್ಲಿ ಮರೆತರೆ ಎಂಬ ಕಾರಣಕ್ಕೆ ಅದನ್ನು ಇಲ್ಲಿಯೂ ದಾಖಲಿಸುತ್ತಿದ್ದೇನೆ:

“ಆತಿಲ್ಲೆ.”